ಅಲೈನ್‌ಮೆಂಟ್ ಕಾಕಾ

ಮದುವೆ ಮನೆಗೆ ಹೋದವರಲ್ಲಿ ಕೆಲವರು ಮೊದಲು ಮದುಮಗಳ ಕೊರಳು ನೋಡುತ್ತಾರೆ, ಕೆಲವರು ಅಡುಗೆಮನೆ ಕಡೆ ಮೂಗು ತಿರುಗಿಸುತ್ತಾರೆ. ನಮ್ಮ ಹುನ್ನೂರಿನ ಅಲೈನ್‌ಮೆಂಟ್ ಕಾಕಾ ಮಾತ್ರ ಚಪ್ಪಲಿ ನೋಡುತ್ತಾರೆ. ಬಾಗಿಲ ಮುಂದೆ ರಾಶಿ ಬಿದ್ದ ಚಪ್ಪಲಿಗಳ ನಡುವೆ ಬಗ್ಗಿ, ಒಂದನ್ನು ಎರಡು ಬೆರಳಲ್ಲಿ ಎತ್ತಿ, ಮಗುಚಿ, ಹಿಮ್ಮಡಿಯ ಸವೆತವನ್ನು ಬೆಳಕಿಗೆ ಹಿಡಿದು, "ಹೊರಗಿನ ಅಂಚು ಪೂರಾ ಹೋಗೇತಿ. ಪಾಸಿಟಿವ್ ಕ್ಯಾಂಬರ್. ಈ ಮನಶ್ಯಾಗ ಮೊಣಕಾಲ ನೋವು ಗ್ಯಾರಂಟಿ" ಎಂದು ವಾಪಸು ಇಡುತ್ತಾರೆ. ಒಂದು ಸಲ ಬನಹಟ್ಟಿಯ ಮದುವೆಯೊಂದರಲ್ಲಿ ಹೀಗೆ ಮಗುಚಿ ನೋಡುವಾಗ ಹೆಣ್ಣಿನ ಕಡೆಯವರು ಚಪ್ಪಲಿ ಕಳ್ಳನೆಂದು ರಟ್ಟೆ ಹಿಡಿದರು. ಕಾಕಾಗೆ ಸಿಟ್ಟು ಬಂದದ್ದು ಕಳ್ಳ ಅಂದದ್ದಕ್ಕಲ್ಲ. "ಕದಿಯೂದಾದ್ರ ಹಿಂತಾ ಸೊಟ್ಟ ಸವದದ್ದನ್ನ ಕದೀತೀನೇನೋ?" ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದರಂತೆ.

ಎಲ್ಲ ಊರಲ್ಲೂ ಇಂಥವರೊಬ್ಬರು ಇರುತ್ತಾರೆ. ಕೆಲವು ಊರಲ್ಲಿ ಅವರ ವಿಷಯ ಕೊಳವೆಬಾವಿಯ ಮೋಟಾರು, ಕೆಲವು ಊರಲ್ಲಿ ಬಿ.ಪಿ. ಗುಳಿಗೆ. ನಮ್ಮ ಪಾಲಿಗೆ ಬಂದದ್ದು ಗಾಡಿಯ ಗಾಲಿ.

ಮೊದಲು ಅವರು ಹೀಗಿರಲಿಲ್ಲ. ಒಂದು ವರ್ಷ ಕಬ್ಬಿನ ಬಿಲ್ಲು ಅಪರೂಪಕ್ಕೆ ಹೊತ್ತಿಗೆ ಸರಿಯಾಗಿ ಬಂತು. ಆ ಹುಮ್ಮಸ್ಸಿನಲ್ಲಿ ಬಿಳಿ ಡಿಸೈರ್ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ಕೆಲವೇ ತಿಂಗಳಲ್ಲಿ ಬಲಗಡೆಯ ಮುಂದಿನ ಟಾಯರು ಹೊರಗಿನಿಂದ ನೋಡಿದರೆ ಹೊಸದರಂತೆ, ಸ್ಟೇರಿಂಗ್ ತಿರುವಿ ಒಳಗೆ ಕೈ ಹಾಕಿದರೆ ನೂಲು! ಜಮಖಂಡಿಯಲ್ಲಿ ತೋರಿಸಿದಾಗ ಮೆಕ್ಯಾನಿಕ್ ಹುಡುಗ, "ಕಾಕಾರ, ನಿಮ್ಮ ಗಾಡಿ ಟೋ ಔಟ್ ಆಗೇತ್ರಿ" ಎಂದ. ಕಾಕಾ ಅದನ್ನು ಮನೆತನದ ಮೇಲೆ ಬಂದ ಮಾತೆಂದು ತಿಳಿದರು. ಮುಂದಿನ ಎರಡೂ ಟಾಯರು ಹೊಸವು ಹಾಕಿಸಿ, ಅಂದಿನಿಂದ ಗಾಲಿ ಅಲೈನ್‌ಮೆಂಟಿನ ಅಭ್ಯಾಸ ಶುರು ಮಾಡಿದರು.

ಈಗ ಚಹಾದಂಗಡಿಯ ಮುಂದೆ ಯಾರಾದರೂ ಕಾರು ನಿಲ್ಲಿಸಿದರೆ ಕಾಕಾ ಮಾತಿಗೂ ಮುಂಚೆ ಮುಂದಿನ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಎತ್ತಿನ ಸಂತೆಯಲ್ಲಿ ಹಲ್ಲು ಹಿಡಿದು ನೋಡುವವರ ಗತ್ತು. ಅಂಗೈಯನ್ನು ಟಾಯರಿನ ಮೇಲೆ ಅಡ್ಡಕ್ಕೆ ಎಳೆಯುತ್ತಾರೆ, ತಿರುಗಿ ಎಳೆಯುತ್ತಾರೆ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ ಎನಿಸಿದರೆ ತೀರ್ಪು ಹೊರಬೀಳುತ್ತದೆ: "ಟೋ." ಗರಗಸವಿಲ್ಲದೆ ಒಂದೇ ಮಗ್ಗಲು ನುಣ್ಣಗೆ ಸವೆದಿದ್ದರೆ, "ಕ್ಯಾಂಬರ್." ಎರಡೂ ಅಂಚು ಹೋಗಿ ನಡು ಉಳಿದಿದ್ದರೆ, "ಗಾಳಿ ಕಡಿಮಿ." ನಡುವಷ್ಟೇ ಹೋಗಿದ್ದರೆ, "ಗಾಳಿ ಜಾಸ್ತಿ." ಹೇಳುವುದೆಲ್ಲ ಸರಿಯೇ. ಆದರೆ ಕಾರಿನವನು ಕೇಳಿರುವುದಿಲ್ಲ. ಅವನು ಬಂದದ್ದು ಮಿರ್ಚಿ ಭಜಿ ತಿನ್ನಲು.

ವಿವರಣೆ ಕೇಳಿದವರ ಗತಿ ಇನ್ನೂ ಕಠಿಣ. ಕಾಕಾ ಎದ್ದು ನಿಂತು ಧೋತರ ಮೇಲೆತ್ತಿ, ಎರಡೂ ಪಾದ ಒಳಕ್ಕೆ ತಿರುಗಿಸಿ ನಾಲ್ಕು ಹೆಜ್ಜೆ ನಡೆಯುತ್ತಾರೆ. "ಟೋ ಅಂದ್ರ ಕಾಲ್ಬೆರಳು. ಇದು ಟೋ ಇನ್." ಪಾದ ಹೊರಕ್ಕೆ ತಿರುಗಿಸಿ ಇನ್ನು ನಾಲ್ಕು. "ಇದು ಟೋ ಔಟ್." ಕಾಲು ಬಿಲ್ಲಿನಂತೆ ಬಾಗಿಸಿ, "ಇದು ಕ್ಯಾಂಬರ್. ಗಾಲಿ ಮ್ಯಾಲಿನ ತುದಿ ಒಳಗ ವಾಲಿದ್ರ ನೆಗೆಟಿವ್, ಹೊರಗ ವಾಲಿದ್ರ ಪಾಸಿಟಿವ್. ಇನ್ನ ಕ್ಯಾಸ್ಟರ್ ಐತಲ್ಲಾ, ಸಣ್ಣಾವ್ರಿದ್ದಾಗ ಕೈ ಬಿಟ್ಟು ಸೈಕಲ್ ಹೊಡೀತಿದ್ದಿಲ್ಲೇನ? ಹ್ಯಾಂಡಲ್ ತಾನ ನೆಟ್ಟಗ ಆಗ್ತಿತ್ತಲ್ಲ, ಅದು ಕ್ಯಾಸ್ಟರ್." ಬಸ್ಸಿಗೆ ಕಾದು ನಿಂತ ಸಾಲಿ ಹುಡುಗರು ಹಿಂದೆ ಸಾಲಾಗಿ ಟೋ ಇನ್, ಟೋ ಔಟ್ ನಡೆಯುತ್ತಾರೆ. ಮಾಸ್ತರರು ವರ್ಷವಿಡೀ ಹೇಳಿದರೂ ತಲೆಗೆ ಹೋಗದ ಕೋನಮಾನ ಆ ಹುಡುಗರಿಗೆ ಹೀಗೆ ಕಾಲಿನಿಂದ ಹತ್ತಿತು.

ಕಾಕಾರ ಅಚ್ಚುಮೆಚ್ಚಿನ ಲೆಕ್ಕವೊಂದಿದೆ. ಒಂದು ಡಿಗ್ರಿ ಸೊಟ್ಟ ನಿಂತ ಗಾಲಿ ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಸುಮಾರು 17 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ಇದು ಬರೀ ತ್ರಿಕೋನಮಿತಿ, ನಾನೂ ಕೂತು ಹಾಕಿ ನೋಡಿದೆ, ಸರಿ ಇದೆ. ಕಾಕಾ ಅದನ್ನು ನಮ್ಮ ಭಾಷೆಗೆ ಇಳಿಸುತ್ತಾರೆ: "ನೀ ಬಾಗಲಕೋಟಿಗೆ ಹೋಗಿ ಬರೂದ್ರಾಗ ನಿನ್ನ ಟಾಯರ್ ಎರಡ ಕಿಲೋಮೀಟರ್ ಅಡ್ಡ ಹರಗಿ ಬಂದಿರತೈತಿ. ಅಷ್ಟ ಕುಂಟಿ ನಿನ್ನ ಹೊಲದಾಗರ ಹೊಡದಿದ್ರ ಕಸಾ ಹೋಗತಿತ್ತು."

ಇಷ್ಟೆಲ್ಲ ತಿಳಿದ ಮನುಷ್ಯನಿಗೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಯಾಕೆ ಅಷ್ಟು ತ್ರಾಸು? ತಿಳಿದದ್ದೇ ತ್ರಾಸು. ಸಾಮಾನ್ಯರು 5,000 ಕಿಲೋಮೀಟರಿಗೊಮ್ಮೆ ಹೋಗಿ ಕೀಲಿ ಕೊಟ್ಟು, ಹೊರಗೆ ಕೂತು ಚಹಾ ಕುಡಿದು, ರೊಕ್ಕ ಕೊಟ್ಟು ಬರುತ್ತಾರೆ. ಕಾಕಾ 500ಕ್ಕೊಮ್ಮೆ ಹೋಗುತ್ತಾರೆ, ಕಂಪ್ಯೂಟರಿನ ಮುಂದೆ ಮೆಕ್ಯಾನಿಕ್ ಕೂರುವ ಸ್ಟೂಲಿನ ಮೇಲೆ ತಾವು ಕೂರುತ್ತಾರೆ. ಪರದೆಯ ಮೇಲಿನ ಅಂಕಿ ಹಸಿರಾದರೆ ಎಲ್ಲರಿಗೂ ಮುಗಿಯಿತು. ಕಾಕಾಗೆ ಅಲ್ಲಿಂದಲೇ ಶುರು. ಹಸಿರು ಎಂಬುದು ಒಂದು ಗೆರೆಯಲ್ಲ, ಒಂದು ಪಟ್ಟಿ. ಆ ಪಟ್ಟಿಯಲ್ಲಿ ಎಲ್ಲಿ ನಿಲ್ಲಬೇಕು?

ಮೆಕ್ಯಾನಿಕ್ ಹುಡುಗ ಬನಹಟ್ಟಿಯ ನೇಕಾರರ ಮನೆಯವನು, ಸಮಾಧಾನಿ. ಎಳೆ ಎಳೆ ಬಿಡಿಸುವ ಅಭ್ಯಾಸ ರಕ್ತದಲ್ಲೇ ಇರಬೇಕು. ಒಂದು ದಿನ ನಾನೂ ಜೊತೆಗಿದ್ದೆ.

"ಕಾಕಾರ, ಸೊನ್ನೀಗೆ ಕುಂದ್ರಸ್ತೀನ್ರಿ. ಟಾಯರ್ ಬಾಳ ದಿನಾ ಬರ್ತಾವು."

"ಸೊನ್ನಿಗೆ ಇಟ್ರ ಹೈವೇದಾಗ ಸ್ಟೇರಿಂಗ್ ಚುಳುಚುಳು ಅನ್ನತೈತಿ."

"ಹಂಗಾರ ಒಂದೀಟು ಟೋ ಇನ್ ಕೊಡ್ತೀನ್ರಿ. ನೆಟ್ಟಗ ಹೋಗತೈತಿ."

"ಟೋ ಇನ್ ಕೊಟ್ರ ಹೊರಗಿನ ಅಂಚು ತಿಂತೈತಿ. ಮ್ಯಾಲ ನಮ್ಮ ಓಣ್ಯಾಗ ಹೊಳ್ಳಸೂದು ಜಡಾ ಆಗತೈತಿ."

"ಟೋ ಔಟ್ ಕೊಟ್ರ ಹೊಳ್ಳಸೂದು ಚುರುಕ ಆಗತೈತ್ರಿ."

"ಮತ್ತ ಒಳಗಿನ ಅಂಚು! ಒಮ್ಮೆ ನೂಲು ಕಂಡಾಂವ ನಾ!"

ಹುಡುಗ ಕೆಳಗಿಳಿದು, ಪಾನಾ ಒರೆಸಿಕೊಂಡು, ಮೆಲ್ಲಗೆ ಕೇಳಿದ: "ಕಾಕಾರ, ಒಂದ ಮಾತ ಹೇಳ್ರಿ. ಟಾಯರ್ ಉಳೀಬೇಕೋ, ಗಾಡಿ ಹೇಳಿದಂಗ ಕೇಳಬೇಕೋ?"

"ಎರಡೂ."

ಮೋಟಾರು ರೇಸಿನವರು ನೆಗೆಟಿವ್ ಕ್ಯಾಂಬರ್ ಕೊಟ್ಟು ತಿರುವಿನಲ್ಲಿ ಹಿಡಿತ ಗಳಿಸುತ್ತಾರೆ, ಪ್ರತಿಯಾಗಿ ಟಾಯರಿನ ಒಳ ಅಂಚು ಕಳೆದುಕೊಳ್ಳುತ್ತಾರೆ. ಆ ವ್ಯಾಪಾರ ಅವರಿಗೆ ಒಪ್ಪಿಗೆ, ಟಾಯರು ಅವರ ಅಪ್ಪನ ಮನೆಯದಲ್ಲ. ಕಾಕಾರ ಡಿಸೈರಿನಂಥ ಸಣ್ಣ ಕಾರುಗಳಲ್ಲಿ ಕ್ಯಾಂಬರು, ಕ್ಯಾಸ್ಟರು ಕಂಪನಿಯಿಂದ ಬಂದ ಹಾಗೇ ಇರುತ್ತವೆ. ಅಂಗಡಿಯಲ್ಲಿ ತಿರುಗಿಸಲು ಸಿಗುವುದು ಮುಂದಿನ ಎರಡು ಟೈರಾಡು ಮಾತ್ರ. ನಟ್ಟು ಸಡಿಲಿಸಿ ರಾಡನ್ನು ಅತ್ತ ಇತ್ತ ತಿರುವಬೇಕು, ಮಿಲಿಮೀಟರಿನ ಲೆಕ್ಕ. ಆದರೆ ಹಠ ಹಿಡಿಯಲು ಒಂದು ಮಿಲಿಮೀಟರ್ ಜಾಗ ಸಾಲದೇ?

ಆಮೇಲೆ ತೂಕದ ಪ್ರಶ್ನೆ ಬಂತು. "ಖಾಲಿ ಗಾಡಿಗೆ ಅಲೈನ್‌ಮೆಂಟ್ ಮಾಡ್ತಿ. ಖಾಲಿ ಗಾಡಿ ಯಾಂವ ಓಡಸ್ತಾನ?" ಎಂದರು ಕಾಕಾ. ನ್ಯಾಯವಾದ ಮಾತೇ. ಭಾರ ಬಿದ್ದು ಗಾಡಿ ಕುಸಿದರೆ ಗಾಲಿಯ ಕೋನ ಬದಲಾಗುತ್ತದೆ, ರೇಸಿನವರು ಡ್ರೈವರನ ಸೀಟಿನಲ್ಲಿ ತೂಕವಿಟ್ಟೇ ಅಳೆಯುತ್ತಾರೆ. ಮುಂದಿನ ಸಲ ಕಾಕಾ ಕಾಕೂನನ್ನು ಕರೆದುಕೊಂಡು ಬಂದರು. ಡಿಕ್ಕಿಯಲ್ಲಿ ಮಹಾಲಿಂಗಪುರದ ಬೆಲ್ಲದ ಪೆಂಟಿ. ಲಿಫ್ಟಿನ ಮೇಲೆ ಗಾಡಿ ಆಳೆತ್ತರ ಏರಿತು, ಒಳಗೆ ಕಾಕೂ. ಕೆಳಗೆ ಹಸಿರಿನಲ್ಲಿ ಯಾವ ಹಸಿರು ಎಂಬ ಚರ್ಚೆ ನಡೆದ ಒಂದೂವರೆ ತಾಸು ಆಕೆ ಮಡಿಲಲ್ಲಿ ಮೆಂತೆ ಪಲ್ಯ ಇಟ್ಟುಕೊಂಡು ಸೋಸಿದರು. ಬೇರು ಕಿಟಕಿಯಿಂದ ಕೆಳಕ್ಕೆ ಬೀಳುತ್ತಿದ್ದವು. ಕೊನೆಗೆ ಪಲ್ಯ ಮುಗಿದು, "ಇನ್ನ ಇಳಸ್ರಿ, ಸಾಕಾತು" ಎಂದು ಆಕೆ ಆ ಕಡೆಯ ಸೀಟಿಗೆ ಸರಿದದ್ದೇ ತಡ, ಪರದೆಯ ಅಂಕಿ ಕದಲಿತು.

"ಏ, ಹಂದ್ಯಾಡಬ್ಯಾಡ!"

"ನನ್ನ ತೂಕಾ ಊರಮಂದಿಗೆಲ್ಲಾ ತೋರಿಸಿದ್ರಿ, ಇನ್ನೇನ ಉಳೀತ್ರಿ?" ಎಂದರು ಕಾಕೂ, ಮೇಲಿಂದಲೇ.

ಟ್ರ್ಯಾಕ್ಟರಿನ ಮೇಲೆ ಮಾತ್ರ ಕಾಕಾರ ಶಾಸ್ತ್ರ ನಡೆಯಲಿಲ್ಲ. ಅವರ ಅಣ್ಣನ ಟ್ರ್ಯಾಕ್ಟರು ಸುಗ್ಗಿಯಲ್ಲಿ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಫ್ಯಾಕ್ಟರಿಗೆ ಹೋಗುತ್ತದೆ. ಕಬ್ಬು ಮನೆಯ ಮಾಳಿಗೆಯೆತ್ತರ, ಹಾಡು ಅದಕ್ಕಿಂತ ಎತ್ತರ. ಅದರ ಮುಂದಿನ ಗಾಲಿಗೂ ಸ್ವಲ್ಪ ಟೋ ಇನ್ ಬೇಕು, ಅಳತೆ ಮಾಡಿಸು ಎಂದು ಕಾಕಾ ಬೆನ್ನು ಹತ್ತಿದರು. ಅಣ್ಣ ತಂಬಾಕು ತಿಕ್ಕುತ್ತಾ ಹೇಳಿದ: "ಏರ ಬಂದಾಗ ಮುಂದಿನ ಗಾಲಿ ನೆಲಾನ ಮುಟ್ಟೂದಿಲ್ಲ. ಮುಟ್ಟಲಾರದ ಗಾಲಿಗೆ ಅಲೈನ್‌ಮೆಂಟ್ ಯಾಕ್ ಬೇಕೋ?" ಇದಕ್ಕೆ ಉತ್ತರ ಕಾಕಾ ಇಂದಿಗೂ ಹುಡುಕುತ್ತಿದ್ದಾರೆ.

ಇತಿಹಾಸಕ್ಕೂ ಅವರು ಪಾನಾ ಹಾಕಿದ್ದುಂಟು. ತಿರುವಿನಲ್ಲಿ ಒಳಗಡೆಯ ಗಾಲಿ ಹೊರಗಡೆಯದಕ್ಕಿಂತ ಹೆಚ್ಚು ತಿರುಗಬೇಕು, ಇಲ್ಲದಿದ್ದರೆ ಉಜ್ಜುತ್ತದೆ. ಈ ಯುಕ್ತಿ ಹೊಳೆದದ್ದು ಮ್ಯೂನಿಕ್ಕಿನ ಸಾರೋಟು ಮಾಡುವ ಲಾಂಕೆನ್‌ಸ್ಪರ್ಗರ್ ಎಂಬವನಿಗೆ. 1818ರಲ್ಲಿ ಇಂಗ್ಲೆಂಡಿನಲ್ಲಿ ಅದರ ಪೇಟೆಂಟ್ ಪಡೆದವನು ಲಂಡನ್ನಿನ ಪುಸ್ತಕ, ಚಿತ್ರಗಳ ಪ್ರಕಾಶಕ ಆಕರ್‌ಮನ್. ಹೆಸರು ಉಳಿದದ್ದು ಪ್ರಕಾಶಕನದು (ಬರೆಯುವವರು ಇದನ್ನು ಗಮನಿಸಬೇಕು). ಕಾಕಾಗೆ ಸಿಕ್ಕಿದ್ದು ಇಸವಿ. "1818! ಪೇಶ್ವೇರು ಮುಳುಗಿದ್ದೂ ಅದ ವರ್ಷ. ಅವರಿಗೆ ಹೊಳ್ಳಸಾಕ ಬರಲಿಲ್ಲ. ನಮ್ಮ ಜಮಖಂಡಿ ಸಂಸ್ಥಾನದ ಪಟವರ್ಧನರು ಟೈಮಿಗೆ ಸರಿಯಾಗಿ ಸ್ಟೇರಿಂಗ್ ತಿರುವಿದ್ರು ನೋಡು, 1948ರತನಾ ಟಾಯರ್ ಸವೀಲಿಲ್ಲ." ಇತಿಹಾಸದ ಪ್ರಾಧ್ಯಾಪಕರೊಬ್ಬರ ಮುಂದೆ ಇದನ್ನು ಹೇಳಿದೆ. ಅವರು ನಕ್ಕರು, ಆದರೆ ತಪ್ಪು ಅನ್ನಲಿಲ್ಲ.

ಇಷ್ಟೆಲ್ಲ ಹಿಡಿತಕ್ಕಾಗಿ ಬಡಿದಾಡುವ ಮನುಷ್ಯ ಗಾಡಿಯನ್ನು ಹೇಗೆ ಓಡಿಸಬಹುದು? ಅದನ್ನು ಕೂತೇ ಅನುಭವಿಸಬೇಕು. ಮುಳ್ಳು 40 ದಾಟಿದ್ದನ್ನು ಕಂಡವರಿಲ್ಲ. ತಗ್ಗಿನಲ್ಲಿ ಗಾಲಿ ಇಳಿದರೆ ಅಲೈನ್‌ಮೆಂಟ್ ಹೋಗುತ್ತದೆಂದು ಅರ್ಧ ಫರ್ಲಾಂಗು ಮೊದಲೇ ಬ್ರೇಕು, ಹಂಪಿನ ಮೇಲೆ ಗಾಡಿ ಬಸುರಿ ಹೆಂಗಸಿನಂತೆ ಏರಿ ಇಳಿಯುತ್ತದೆ. ರಸ್ತೆಯ ಮೇಲೆ ಟ್ರೇಲರಿನಿಂದ ಬಿದ್ದ ಒಂದು ಕಬ್ಬು ಕಂಡರೆ ನಿಲ್ಲಿಸಿ, ಇಳಿದು, ಬದಿಗೆ ಸರಿಸಿ ಬರುತ್ತಾರೆ. ಹಿಂದೆ ಹಾರ್ನಿನ ಮೆರವಣಿಗೆ. ಖಾಲಿ ರಸ್ತೆ ಸಿಕ್ಕರೆ ಪರೀಕ್ಷೆ: ಸ್ಟೇರಿಂಗ್ ಕೈಬಿಟ್ಟು, "ನೋಡ, ನೋಡ" ಎನ್ನುತ್ತಾರೆ. ಗಾಡಿ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. ನಾನು ಬಾಗಿಲ ಹಿಡಿಕೆ ಹಿಡಿದುಕೊಂಡರೆ ಕಾಕಾ ಶಾಂತರು. ಮಳೆ ನೀರು ಹರಿಯಲೆಂದು ರಸ್ತೆಯ ನಡು ಎತ್ತರಿಸಿ ಬದಿಗೆ ಇಳಿಜಾರು ಕೊಟ್ಟಿರುತ್ತಾರೆ, ಎಡಬದಿಯಲ್ಲಿ ಹೋಗುವ ಗಾಡಿ ಎಡಕ್ಕೆ ಎಳೆಯುವುದು ಸಹಜ. "ಗಾಡಿದೇನೂ ತಪ್ಪಿಲ್ಲ. ರಸ್ತಾ ವಾಲೇತಿ." ಪಾಪ, ಇದೂ ನಿಜವೇ. ಅವರ ಮಾತಿನಲ್ಲಿ ತಪ್ಪು ಹುಡುಕಲು ಹೋಗಿ ನಾನು ಎಷ್ಟೋ ಸಲ ಸೋತಿದ್ದೇನೆ.

ಮೊನ್ನೆ ಟಾಯರಂಗಡಿಗೆ ಹೋದೆವು. ನೂಲು ಕಂಡ ಮೇಲೆ ಹಾಕಿಸಿದ ಅದೇ ಜೋಡಿ ಟಾಯರು. ಕಾಕಾ ಬಿಚ್ಚಿಸಿ, ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು, ಒಳಗೆ, ನಡುವೆ, ಹೊರಗೆ, ಮೂರೂ ಕಡೆ ಸಂದಿನಲ್ಲಿ ತೂರಿಸಿ ತೋರಿಸಿದರು. ಮೂರೂ ಕಡೆ ಒಂದೇ ಆಳ. ಸಂದಿಯ ತಳದಲ್ಲಿ ಕಂಪನಿಯವರು 1.6 ಮಿಲಿಮೀಟರ್ ಎತ್ತರಕ್ಕೆ ಇಟ್ಟಿರುವ ಗುರುತಿನಿಂದ ಇನ್ನೂ ಎಷ್ಟೋ ಮೇಲೆ. ಇಷ್ಟು ಸಮ ಸವೆದ ಟಾಯರನ್ನು ನಾನಂತೂ ನೋಡಿಲ್ಲ. ಅಂಗಡಿಯವನು ಮಾತಾಡದೆ ಟಾಯರಿನ ಮಗ್ಗುಲು ತಿರುವಿ, ಬೆರಳಿನಿಂದ ಧೂಳು ಒರೆಸಿ, ನಾಲ್ಕು ಅಂಕಿ ತೋರಿಸಿದ: 1917. ಅಂದರೆ 2017ರ 19ನೇ ವಾರದಲ್ಲಿ ಹುಟ್ಟಿದ್ದು. ಸುತ್ತಲೂ ರಬ್ಬರು ಬೇಸಿಗೆಯ ಎರೆಹೊಲದಂತೆ ಬಿರುಕು ಬಿಟ್ಟಿತ್ತು.

"ಒಗೀಬೇಕ್ರಿ ಇದನ್ನ."

"ಹಲ್ಲೆಲ್ಲಾ ಗಟ್ಟಿ ಅದಾವಲ್ಲೋ!"

"ಹಲ್ಲ ಗಟ್ಟಿ ಅದಾವ್ರಿ ಕಾಕಾರ. ಮನಶ್ಯಾ ಮುದುಕ ಆಗ್ಯಾನ."

ಹೊಸ ಜೋಡಿ ಹಾಕಿಸಿದರು. ಹಳೆಯದನ್ನು ಮಾತ್ರ ಅಲ್ಲಿ ಬಿಡಲಿಲ್ಲ. ಈಗ ಅವೆರಡೂ ಅಂಗಳದ ತುಳಸಿಕಟ್ಟೆಗೆ ಒರಗಿವೆ. ಬಂದವರಿಗೆ ಚಹಾ ಆದ ಮೇಲೆ ನಾಣ್ಯ ಹಾಕಿ ತೋರಿಸುತ್ತಾರೆ.

ನಿನ್ನೆ ಸಂಜೆ ನನಗೂ ಮತ್ತೊಮ್ಮೆ ತೋರಿಸುವಾಗ ಮೊಮ್ಮಗ ಒಂದನ್ನು ಹೊತ್ತೊಯ್ದು, ಕೋಲಿನಿಂದ ಬಾರಿಸುತ್ತಾ ಓಣಿಗೆ ಬಿಟ್ಟ. ಕಾಕಾ ಓಡಿಹೋಗಿ ತಡೆಯುತ್ತಾರೆಂದುಕೊಂಡೆ. ಇಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತು, ಒಂದು ಕಣ್ಣು ಮುಚ್ಚಿ ಅದರ ದಾರಿ ಅಳೆಯತೊಡಗಿದರು. ಟಾಯರು ಗುಡಿಯವರೆಗೂ ನೆಟ್ಟಗೆ ಹೋಯಿತು. "ನೋಡ್ದಿ?" ಎಂದರು. ಅಷ್ಟರಲ್ಲಿ ಅದು ಮೆಲ್ಲಗೆ ಎಡಕ್ಕೆ ವಾಲಿ, ಗಟಾರದ ಅಂಚಿಗೆ ಬಡಿದು, ಒಂದು ಸುತ್ತು ಹಾಕಿ ಒಳಗೆ ಬಿತ್ತು.

ಕಾಕಾ ನನ್ನ ಕಡೆ ತಿರುಗಲೇ ಇಲ್ಲ.

"ರಸ್ತಾ ವಾಲೇತಿ" ಎಂದರು.