ಎರಡರಿಂದ ಶುರುವಾಗುವ ರಾಮನಗರ

ಹಳೇ ಸಾಮಾನಿನ ಆನ್‌ಲೈನ್ ಹರಾಜಿನಲ್ಲಿ ‘ಕಾರ್ಟ್ರಿಜ್’ ಅಂತ ಹೊಡೆದೆ. ಪ್ರಿಂಟರಿಗೆ ಹಾಕುವ ಇಂಕು ಬಂತು. ‘ಕನ್ಸೋಲ್’ ಅಂದೆ. ಕಾರಿನ ಎರಡು ಸೀಟಿನ ನಡುವೆ ಲೋಟ ಇಡುವ ಡಬ್ಬಿ ಬಂತು. ನಮ್ಮ ಮನೆಯಲ್ಲಿದ್ದದ್ದರ ಮೇಲೆ ‘ಲಿಟಲ್ ಮಾಸ್ಟರ್’ ಅಂತ ಬರೆದಿದ್ದ ನೆನಪು, ಅದನ್ನೇ ಹಾಕಿದೆ. ಗಾವಸ್ಕರ್ ಬಂದರು, ಚೌಕಟ್ಟಿನ ಸಮೇತ. ‘ಮಾರಿಯೋ’ ಅಂದರೆ ಬರೀ ಹುಟ್ಟುಹಬ್ಬದ ಬಲೂನು.

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿ ಕೇಳಿದಳು: “ಚಿಕ್ಕವರಿದ್ದಾಗ ಅದನ್ನ ಏನಂತ ಕರೀತಿದ್ರಿ?”

“ಟಿವಿ ಗೇಮ್.”

“ಒಳಗೆ ತುರುಕ್ತಿದ್ದದ್ದು?”

“ಕ್ಯಾಸೆಟ್.”

“ಮತ್ತೆ ಹಂಗೇ ಹುಡುಕಿ.”

ಹಾಗೇ ಹುಡುಕಿದೆ. ಸಾಲುಸಾಲಾಗಿ ಬಂದವು. ಜೊತೆಗೆ ರಾಜಕುಮಾರ್ ಹಾಡಿನ ಕ್ಯಾಸೆಟ್ಟುಗಳೂ ಬಂದವು. ಪದದ ಹಿಂದೆ ಮೈನಸ್ ಗುರುತು ಹಾಕಿ ‘ಹಾಡು’ ಬೇಡ ಅಂದೆ. ಅಣ್ಣಾವ್ರನ್ನು ಬೇಡ ಅಂದದ್ದು ಜೀವನದಲ್ಲಿ ಅದೇ ಮೊದಲು.

ವಿಷಯ ಇಷ್ಟೆ: ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಅಂತ ಒಂದು ಯಂತ್ರ ತಂದಿತು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದದ್ದು ಬಹುಪಾಲು ಅದರ ನಕಲುಗಳು. ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಅಂತಿರುತ್ತಿತ್ತು. ಇದ್ದದ್ದು ಏಳೋ ಎಂಟೋ ಆಟ, ಅವೇ ಸರತಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಓಡದಿದ್ದರೆ ಬಾಯಿಟ್ಟು ಉಫ್ ಅಂತ ಊದುವುದು. ಉಗುಳಿನ ತೇವಕ್ಕೆ ತಾಮ್ರದ ಹಲ್ಲುಗಳು ತುಕ್ಕು ಹಿಡಿಯುತ್ತವೆ, ಊದಬೇಡಿ ಅಂತ ಕಂಪನಿಯೇ ಹೇಳಿತ್ತಂತೆ. ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಊದುತ್ತಿದ್ದೆವು.

ಆಮೇಲಾಮೇಲೆ ಮಾರುವವರ ಭಾಷೆಯೂ ತಿಳಿಯಿತು. ‘ವಿಂಟೇಜ್’ ಅಂತ ಬರೆದಿದ್ದರೆ ರೇಟು ಎರಡರಷ್ಟು. ‘ಚೆಕ್ ಮಾಡಿಲ್ಲ’ ಅಂದರೆ ಚೆಕ್ ಮಾಡಿದ್ದಾರೆ, ಓಡಲಿಲ್ಲ. ನಿಂಟೆಂಡೋ ಅನ್ನೋದನ್ನು ತಪ್ಪಾಗಿ ಬರೆದವನೇ ನಮ್ಮ ಪಾಲಿನ ದೇವರು, ಯಾಕೆಂದರೆ ಸರಿಯಾಗಿ ಬರೆದು ಹುಡುಕುವ ಜಾಣರಿಗೆ ಅವನು ಸಿಗುವುದೇ ಇಲ್ಲ. ನಾನಂತೂ ನಿಂಟೆಡೋ, ನಿಂಟಾಂಡೋ ಎಲ್ಲ ಹೊಡೆದು ನೋಡುತ್ತೇನೆ. ಇನ್ನು ಕೂಗುವ ವಿದ್ಯೆ ನನಗೆ ಊರ ದೇವಸ್ಥಾನದಲ್ಲೇ ಬಂದದ್ದು. ಬಾಳೆಗೊನೆ ಹರಾಜಿನಲ್ಲಿ ಮೊದಲೇ ಕೂಗಿದವನು ರೇಟು ಏರಿಸುತ್ತಾನೆ, ಗೊನೆ ಮಾತ್ರ ‘ಎರಡು ಸಲ’ ಅನ್ನುವವರೆಗೂ ಕಂಬಕ್ಕೊರಗಿ ಎಲೆಯಡಿಕೆ ಹಾಕುತ್ತ ನಿಂತವನ ಮನೆಗೆ ಹೋಗುತ್ತದೆ. ಆನ್‌ಲೈನಿನಲ್ಲಿ ಕಂಬದ ಬದಲು ಗಡಿಯಾರ. ಕೊನೆಯ ಹತ್ತು ಸೆಕೆಂಡಿನವರೆಗೂ ಉಸಿರು ಬಿಡಬಾರದು.

ಮುರುಕಲು ಸಾಮಾನಿಗೆ ಇಷ್ಟೆಲ್ಲ ಬೇಕಾ ಅಂತ ಕೇಳುವವರಿಗೆ ನನ್ನ ಹತ್ತಿರ ಒಂದು ಉತ್ತರ ಇದೆ. 1995ರಲ್ಲಿ ಇಬೇ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದದ್ದೇ ಕೆಟ್ಟುಹೋದ ಲೇಸರ್ ಪಾಯಿಂಟರು, 14.83 ಡಾಲರಿಗೆ. 2021ರಲ್ಲಿ ಸೀಲು ಒಡೆಯದ ಒಂದು ಮಾರಿಯೋ ಕ್ಯಾಸೆಟ್ಟು ಅಮೆರಿಕದ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ ಹೋಯಿತು. ನನ್ನದಕ್ಕೆ ನಾನು ಕೂಗಿದ್ದು 850 ರೂಪಾಯಿ.

ಪೆಟ್ಟಿಗೆ, ಎರಡು ಕೈಹಿಡಿ, ಬಾತುಕೋಳಿ ಹೊಡೆಯುವ ಬಂದೂಕು, ಮೂರು ಕ್ಯಾಸೆಟ್ಟು. ಬಂದು ತಗೊಂಡು ಹೋಗಬೇಕು. ಜಾಗ: ರಾಮನಗರ. ಫೋಟೋದ ಮೂಲೆಯಲ್ಲಿ ಜೇನುಬಣ್ಣದ ಕಲ್ಲಿನ ಗೋಡೆ ಕಾಣುತ್ತಿತ್ತು. ನಮ್ಮ ರಾಮನಗರದಲ್ಲಿ ಕಲ್ಲಿಗೇನು ಬರ! ಹರಾಜಿಗೂ ಬರವಿಲ್ಲ, ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಮೊಬೈಲಿನಲ್ಲೇ ಕೂಗುತ್ತಾರೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಪೆಟ್ಟಿಗೆ ತಗೊಂಡು, ಮಧ್ಯಾಹ್ನದ ಊಟಕ್ಕೆ ಮನೆ ಅಂತ ಲೆಕ್ಕ ಹಾಕಿ ದುಡ್ಡು ಕಳಿಸಿದೆ. ಆಮೇಲೆ ವಿಳಾಸ ಬಂತು. ನಮ್ಮ ಕಡೆಯ ಪಿನ್‌ಕೋಡು ಐದರಿಂದ ಶುರುವಾಗುತ್ತದೆ. ಇದು 221008.

“ಯಾವೂರು?” ಅಂದರು ಅಮ್ಮ.

“ವಾರಾಣಸಿ.”

“ಕಾಶೀನಾ?” ಅಮ್ಮ ಎದ್ದು ಕೂತರು. ಹನ್ನೊಂದು ವರ್ಷದಿಂದ ಕೇಳುತ್ತಿದ್ದರು, ನಾನು ರಜೆ ಇಲ್ಲ ಅನ್ನುತ್ತಿದ್ದೆ.

ಸಂಘಮಿತ್ರಾ ರೈಲಿನಲ್ಲಿ ಎರಡು ರಾತ್ರಿ. ಮೊದಲು ಮೊಘಲ್‌ಸರಾಯ್ ಅಂತಿದ್ದ ದೀನ್‌ದಯಾಳ್ ಉಪಾಧ್ಯಾಯ ಜಂಕ್ಷನ್ನಿನಲ್ಲಿ ಇಳಿದು ಆಟೋ ಹಿಡಿದರೆ, ಕಾಶಿಗೆ ಎದುರು ದಡದಲ್ಲಿ ರಾಮನಗರ. ಜೇನುಬಣ್ಣದ ಗೋಡೆ ಅರಮನೆಯ ಕೋಟೆಯದು, ಚುನಾರದ ಕಲ್ಲು. ಒಳಗಿನ ಮ್ಯೂಸಿಯಮ್ಮಿನಲ್ಲಿ ಹಳೇ ಕಾರು, ಪಲ್ಲಕ್ಕಿ, ಕತ್ತಿ, ಬಂದೂಕು. ಕಾಶಿಯ ಮಹಾರಾಜರೂ ಅಟ್ಟ ಖಾಲಿ ಮಾಡದ ಪೈಕಿಯೇ ಅಂತ ಗೊತ್ತಾಗಿ ನನಗೆ ಸಮಾಧಾನವಾಯಿತು.

ಮಾರಿದ ಯಜಮಾನರು ಮೊದಲು ಮಣ್ಣಿನ ಕುಡಿಕೆಯಲ್ಲಿ ಲಸ್ಸಿ ತರಿಸಿದರು. ಅಮ್ಮನನ್ನು ‘ಮಾತಾಜಿ’ ಅಂದರು. ಅಮ್ಮ ದೂರದರ್ಶನದ ರಾಮಾಯಣ ನೋಡಿ ಕಲಿತ ಹಿಂದಿಯಲ್ಲಿ ಉತ್ತರ ಕೊಟ್ಟರು. ಪ್ರತಿ ವಾಕ್ಯಕ್ಕೂ ಒಂದು ‘ಹೇ’. ಆಗ ಅಲ್ಲಿ ರಾಮಲೀಲಾ ನಡೆಯುತ್ತಿತ್ತು. ಮೂವತ್ತೊಂದು ದಿನದ ಆಟ, ಮೈಕಿಲ್ಲ, ಕರೆಂಟು ದೀಪವಿಲ್ಲ. ಅಯೋಧ್ಯೆ ಒಂದು ಕಡೆ, ಜನಕಪುರಿ ಒಂದು ಕಡೆ, ಲಂಕೆ ಊರಾಚೆ. ಕಥೆ ಹೋದಲ್ಲಿಗೆ ಜನ ಎದ್ದು ನಡೆಯುತ್ತಾರೆ. ಸ್ಟೇಜು ದಾಟಿ ಸ್ಟೇಜು, ಕೊನೆಗೆ ದೊಡ್ಡ ರಾಕ್ಷಸ, ನಮ್ಮ ಟಿವಿ ಗೇಮಿನ ಕಾಂಟ್ರಾ ಥರವೇ ಅಂದೆ. ಅಮ್ಮ ನೋಡಿದ ನೋಟಕ್ಕೆ ಮಿಕ್ಕ ಲಸ್ಸಿಯನ್ನು ಒಂದೇ ಗುಟುಕಿಗೆ ಮುಗಿಸಿದೆ.

ಯಜಮಾನರು ತಮ್ಮ ದಪ್ಪ ಟಿವಿಗೆ ವೈರು ಸಿಕ್ಕಿಸಿ, ಕ್ಯಾಸೆಟ್ಟಿಗೆ ಉಫ್ ಅಂತ ಊದಿ, ನನ್ನ ಕಣ್ಣೆದುರೇ ಆರು ಬಾತುಕೋಳಿ ಹೊಡೆದು ತೋರಿಸಿದರು. ಮರುದಿನ ಗಂಗಾಸ್ನಾನ, ವಿಶ್ವನಾಥನ ದರ್ಶನ, ತಾಮ್ರದ ಗಿಂಡಿಯಲ್ಲಿ ಗಂಗೆ.

ಮನೆಗೆ ಬಂದು ಹಚ್ಚಿದರೆ ಒಂದು ಬಾತುಕೋಳಿಯೂ ಬೀಳಲಿಲ್ಲ. ಆ ಬಂದೂಕಿನ ತುದಿಯಲ್ಲಿ ಬೆಳಕು ಹಿಡಿಯುವ ಕಣ್ಣಿದೆ. ಕುದುರೆ ಎಳೆದ ಕೂಡಲೆ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತದೆ. ಹಳೇ ಗಾಜಿನ ಟಿವಿಯಲ್ಲಿ ಆ ಮಿಂಚು ತಕ್ಷಣ ಬರುತ್ತದೆ, ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿಯಲ್ಲಿ ಚೂರು ತಡ. ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತದೆ.

ಹಾಗಾಗಿ ಈಗ ‘ಹಳೇ ದಪ್ಪ ಟಿವಿ’ ಹುಡುಕುತ್ತಿದ್ದೇನೆ. ನಿನ್ನೆ ರಾತ್ರಿ ಅಮ್ಮ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಪಿನ್‌ಕೋಡು ನೋಡ್ತಿದೀನಮ್ಮ, ಈ ಸಲ ಮೋಸ ಹೋಗಲ್ಲ ಅಂದೆ.

“ಗಂಗೆ ತಂದಾಯ್ತಲ್ಲ, ಅದನ್ನ ರಾಮೇಶ್ವರದಲ್ಲಿ ಅಭಿಷೇಕ ಮಾಡಿಸಬೇಕು,” ಅಂದರು. “ಆ ಕಡೆ ಯಾವುದಾದರೂ ಇದೆಯಾ ನೋಡು.”