ಸುಸ್ತಿದಾರ ಹಡಗು

ನಮ್ಮ ಭಾವನಂಥವರು ನಿಮ್ಮ ಬಳಗದಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ, ಮುಯ್ಯಿ ಕವರಿನಲ್ಲಿ ಹಾಕಿದ ಮೊತ್ತಕ್ಕೂ ಎಲೆಗೆ ಬಿದ್ದ ಐಟಂಗಳಿಗೂ ಮನಸ್ಸಿನಲ್ಲೇ ತಾಳೆ ನೋಡುವವರು. ವಿಮಾನದಲ್ಲಿ ಕೊಟ್ಟ ಕಂಬಳಿ ಹೊದೆಯಲು ಚಳಿ ಆಗಬೇಕಿಲ್ಲ, ಟಿಕೆಟ್ ಇದ್ದರೆ ಸಾಕು ಎನ್ನುವವರು. ಹೋಟೆಲ್ ರೂಮಿನಲ್ಲಿ ಒಡೆಯದ ಸೋಪು ಬಿಟ್ಟು ಬಂದದ್ದು ನೆನಪಾದರೆ ಆ ರಾತ್ರಿ ಮಗ್ಗಲು ಬದಲಾಯಿಸುವವರು. ಹಾಗಂತ ಜಿಪುಣರು ಅಂದುಬಿಡಬೇಡಿ. ಜಿಪುಣರು ದುಡ್ಡು ಬಿಚ್ಚುವುದೇ ಇಲ್ಲ. ಭಾವ ಬಿಚ್ಚುತ್ತಾರೆ, ಬಿಚ್ಚಿದ ಗಳಿಗೆಯಿಂದಲೇ ವಸೂಲಿಗೆ ಇಳಿಯುತ್ತಾರೆ. ಸರ್ವೀಸಿನ ಬಹುಪಾಲನ್ನು ಬ್ಯಾಂಕಿನ ಸಾಲ ವಸೂಲಾತಿ ವಿಭಾಗದಲ್ಲಿ ಕಳೆದವರಿಗೆ ಲೋಕದಲ್ಲಿ ಎರಡೇ ಜಾತಿ: ತೀರಿಸಿದವರು ಮತ್ತು ಸುಸ್ತಿದಾರರು. ದುಡ್ಡು ಮುಂಗಡ ಈಸಿಕೊಂಡ ಹೋಟೆಲು, ರೈಲು, ಕೇಬಲ್ ಟೀವಿಯವನು, ಎಲ್ಲರೂ ಎರಡನೆಯ ಪಟ್ಟಿಯವರೇ.

ಇಂಥವರನ್ನು ಮಗಳು ಕ್ರೂಸಿಗೆ ಕಳಿಸಿದಳು. ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದ ಅಕ್ಕ ಆರು ತಿಂಗಳು ಎಣ್ಣೆ, ನೀರು, ಖಾರದ ಪುಡಿ ಎಂದು ಓಡಾಡಿದ್ದಳು. ವಾಪಸು ಹೋಗುವ ಮೊದಲು ಅಪ್ಪ ಅಮ್ಮ ಒಂದು ವಾರ ಸಮುದ್ರ ನೋಡಿಬರಲಿ ಎಂಬುದು ಮಗಳ ಆಸೆ. ಜೊತೆಗೆ ಕಾವಲಿಗೆ ನಾನು. ದುಡ್ಡು ಮಗಳದ್ದು ಎಂದಮೇಲೆ ಭಾವ ಹಗುರಾಗಬೇಕಿತ್ತು. ಆದದ್ದು ತಿರುಗಾಮುರುಗಾ. “ನನ್ನ ದುಡ್ಡಾಗಿದ್ರೆ ಹೋಗ್ಲಿ ಅನ್ನಬಹುದು ಕಣಯ್ಯಾ. ಮಗು ದುಡಿದ ದುಡ್ಡು. ಒಂದು ಸೆಂಟ್ ಆ ಕಂಪನಿಯವನ ಹತ್ರ ಬಾಕಿ ಉಳೀಬಾರದು” ಎಂದು ಅವತ್ತೇ ಫೈಲು ತೆರೆದರು. ಫೈಲು ಅಂದರೆ ನಿಜವಾದ ಫೈಲು, ಹಸಿರು ದಾರ ಕಟ್ಟಿದ್ದು.

ಮೊದಲ ಹಾಳೆಯಲ್ಲಿ ಇದ್ದ ಲೆಕ್ಕ ಇಷ್ಟು: ಇಬ್ಬರಿಗೆ 1800 ಡಾಲರ್. ಏಳು ದಿನ ಅಂತ ಕಂಪನಿ ಹೇಳಿಕೊಳ್ಳುತ್ತದೆ. ಆದರೆ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸಿ ಮುಂದಿನ ಶನಿವಾರ ಬೆಳಿಗ್ಗೆ ಎಂಟಕ್ಕೆ ಇಳಿಸಿದರೆ ಅದು 164 ಗಂಟೆ. ನಾಲ್ಕು ಗಂಟೆ ಖೋತಾ. ತಾಸಿಗೆ ಹೆಚ್ಚುಕಡಿಮೆ ಹನ್ನೊಂದು ಡಾಲರ್ ಬಿತ್ತು. “ನಿದ್ದೆ ಮಾಡಿದ್ರೂ ಮೀಟರ್ ಓಡ್ತಿರುತ್ತೆ, ತಿಳ್ಕೊ.”

ಈ ಬೆಲೆಗೆ ಸಿಕ್ಕಿದ್ದೂ ಅವರ ಕರಾಮತ್ತಿನಿಂದಲೇ. ಅಟ್ಲಾಂಟಿಕ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಸೆಪ್ಟೆಂಬರ್‌ನಲ್ಲಂತೂ ಅದರ ಭರಾಟೆ. ಶಾಲೆಗಳೂ ತೆರೆದಿರುತ್ತವೆ. ಹಾಗಾಗಿ ಆಗ ದರ ಇಳಿಯುತ್ತದೆ. ಭಾವ ಸೆಪ್ಟೆಂಬರನ್ನೇ ಆರಿಸಿದರು. ಬಿರುಗಾಳಿ ಬಂದರೆ ಏನು ಗತಿ ಎಂದು ಮಗಳು ಹೌಹಾರಿದರೆ, “ಹಡಗನ್ನ ಬೇರೆ ಕಡೆ ತಿರುಗಿಸ್ತಾರಮ್ಮ. ಬೇರೆ ದೇಶ ನೋಡಿದ ಹಾಗಾಯ್ತು” ಎಂದರು. ಕ್ಯಾಬಿನ್ನೂ ಅಷ್ಟೆ. ನಮಗೆ ಇಂಥದ್ದೇ ಬೇಕೆಂದು ಹಟ ಹಿಡಿಯದೆ, ಯಾವುದಾದರೂ ಕೊಡಿ ಎಂದು ಕಂಪನಿಗೇ ಬಿಟ್ಟರೆ ಇನ್ನೂ ಕಡಿಮೆ. ಕೊಟ್ಟಿದ್ದು ಕಿಟಕಿಯೇ ಇಲ್ಲದ ಒಳಕೋಣೆ, ಕೆಳಗಡೆಯೇ ನಾಟಕಶಾಲೆ. ರಾತ್ರಿ ಡ್ರಮ್ಮಿನ ಸದ್ದಿಗೆ ಮಂಚ ಸಣ್ಣಗೆ ಕುಣಿಯುತ್ತಿತ್ತು. “ಷೋ ಎರಡು ಸಲ ಆಯ್ತು ನೋಡು, ಒಂದ್ಸಲ ಕೂತು, ಒಂದ್ಸಲ ಮಲಗಿ.” ಕಿಟಕಿಯ ಕೊರತೆಗೂ ಅವರ ಬಳಿ ಪರಿಹಾರವಿತ್ತು. ಕೋಣೆಯ ಟೀವಿಯಲ್ಲಿ ಹಡಗಿನ ಮೂತಿಗೆ ಕಟ್ಟಿದ ಕ್ಯಾಮೆರಾದ ಚಾನೆಲ್ ಒಂದು ಬರುತ್ತದೆ. ಅದನ್ನು ಹಗಲೂ ರಾತ್ರಿ ಹಾಕಿಟ್ಟರು. ಬಾಲ್ಕನಿಯವರಿಗೆ ಪಕ್ಕದ ಸಮುದ್ರ, ನಮಗೆ ಕ್ಯಾಪ್ಟನ್ ನೋಡುವ ಸಮುದ್ರ ಎಂಬುದು ಅವರ ವಾದ.

ಮಯಾಮಿ ಬಂದರಿನಲ್ಲಿ ಹಡಗುಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲೊಂದು ಐಕಾನ್ ಆಫ್ ದಿ ಸೀಸ್. 2024ರ ಜನವರಿಯಲ್ಲಿ ಇಲ್ಲಿಂದಲೇ ಮೊದಲ ಯಾನ ಹೊರಟ ಇದಕ್ಕೆ 20 ಅಂತಸ್ತು. ತುಂಬಿದರೆ 7600 ಪ್ರಯಾಣಿಕರು, ಅವರನ್ನು ನೋಡಿಕೊಳ್ಳಲು 2350 ಸಿಬ್ಬಂದಿ. ನಾನು ಇಷ್ಟು ಹೇಳಿದ್ದಕ್ಕೆ ಭಾವ, “ನಾನು ಮ್ಯಾನೇಜರ್ ಆಗಿದ್ದ ಎಷ್ಟೋ ಊರಲ್ಲಿ ಇಷ್ಟು ಜನ ಇರಲಿಲ್ಲ. ಮೂರು ಜನ ಕ್ಲಾರ್ಕು ಕೊಟ್ಟಿದ್ರು” ಎಂದು ಹಳೆಯ ಸಿಟ್ಟು ತೆಗೆದರು. ಗಾತ್ರದಲ್ಲಿ ಇದು ಐದು ಟೈಟಾನಿಕ್‌ಗಳಷ್ಟು ಎನ್ನಲು ಹೊರಟೆ. “ಹತ್ತೋ ಹೊತ್ನಲ್ಲಿ ಆ ಹೆಸರು ಎತ್ತಬೇಡ ಕಣೋ” ಎಂದಳು ಅಕ್ಕ.

ನಮ್ಮ ಹಡಗು ಅದಕ್ಕಿಂತ ಸ್ವಲ್ಪ ಚಿಕ್ಕದು, ಆದರೆ ಸೆಕ್ಯುರಿಟಿ ಯಾವುದಕ್ಕೂ ಕಡಿಮೆಯಿಲ್ಲ. ಎಕ್ಸ್‌ರೇ ಯಂತ್ರದಲ್ಲಿ ನಮ್ಮ ಪೆಟ್ಟಿಗೆ ನಿಂತಿತು. ಒಳಗೆ ಅಕ್ಕನ ಪುಟ್ಟ ರೈಸ್ ಕುಕ್ಕರ್, ಒಂದು ಎಕ್ಸ್‌ಟೆನ್ಷನ್ ಬೋರ್ಡು. ಹಡಗಿನಲ್ಲಿ ಬೆಂಕಿಯಷ್ಟು ದೊಡ್ಡ ಭಯ ಬೇರೆ ಇಲ್ಲ. ಇಸ್ತ್ರಿಪೆಟ್ಟಿಗೆ, ಕೆಟಲು, ಕುಕ್ಕರು ಯಾವುದನ್ನೂ ಬಿಡುವುದಿಲ್ಲ. ಜಪ್ತಿ ಮಾಡಿದರು. ಭಾವನ ಮುಖ ನೋಡಬೇಕಿತ್ತು. ಜಪ್ತಿ ಮಾಡಿಸಿ ಗೊತ್ತೇ ಹೊರತು ಮಾಡಿಸಿಕೊಂಡು ಗೊತ್ತಿಲ್ಲದ ಮನುಷ್ಯ. ಚೀಟಿ ಕೊಟ್ಟು, ಇಳಿಯುವಾಗ ಹಿಂದಿರುಗಿಸುತ್ತೇವೆ ಎಂದಮೇಲೆ ಸ್ವಲ್ಪ ಗೆಲುವಾದರು: “ಏಳು ದಿನ ಸೇಫ್ ಕಸ್ಟಡಿ, ಲಾಕರ್ ಬಾಡಿಗೆ ಇಲ್ಲ.” ಅವರ ಅಯಸ್ಕಾಂತದ ಕೊಕ್ಕೆಗಳು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಕ್ಯಾಬಿನ್ನಿನ ಗೋಡೆ ಉಕ್ಕಿನದು ಎಂದು ಮೊದಲೇ ತಿಳಿದುಕೊಂಡಿದ್ದರು. ಸಂಜೆಯೊಳಗೆ ನಾಲ್ಕು ಗೋಡೆಗೂ ಕೊಕ್ಕೆ ಅಂಟಿಸಿ ಪಂಚೆ, ಟವೆಲು, ಅಕ್ಕನ ಒದ್ದೆ ಬ್ಲೌಸು ನೇತುಹಾಕಿ ಆ ನೂರೈವತ್ತು ಚದರ ಅಡಿಯನ್ನು ಬಸವನಗುಡಿ ಮಾಡಿಬಿಟ್ಟರು.

ಇಂಥ ಹಡಗುಗಳ ವ್ಯಾಪಾರದ ಗುಟ್ಟು ಭಾವನಿಗೆ ಗೊತ್ತಿತ್ತು. ದೊಡ್ಡ ಕಂಪನಿಗಳ ಲೆಕ್ಕಪತ್ರ ತೆಗೆದು ನೋಡಿದರೆ ಆದಾಯದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಟಿಕೆಟ್ಟಿನದ್ದಲ್ಲ, ಹತ್ತಿದ ಮೇಲೆ ಜೇಬಿನಿಂದ ಜಾರಿದ್ದು: ಮದ್ಯ, ಜೂಜು, ಇಂಟರ್‌ನೆಟ್ಟು, ಮಸಾಜು, ಫೋಟೋ. ಹಡಗಿನಲ್ಲಿ ನೋಟಿನ ಮುಖ ನೋಡುವಂತೆಯೇ ಇಲ್ಲ. ಒಂದು ಕಾರ್ಡು ಕೊಡುತ್ತಾರೆ, ಅದೇ ಬೀಗದ ಕೈ, ಅದೇ ದುಡ್ಡು. ತೋರಿಸಿದರೆ ಸಾಕು, ನೋವೇ ಇಲ್ಲದೆ ಖರ್ಚಾಗುತ್ತದೆ. ಭಾವ ಮೂರೂ ಕಾರ್ಡುಗಳನ್ನು ಮುಟ್ಟುಗೋಲು ಹಾಕಿಕೊಂಡರು. ಮೂರೂ ಫೋನುಗಳು ಏರೋಪ್ಲೇನ್ ಮೋಡಿಗೆ ಹೋದವು, ಏಕೆಂದರೆ ನಡುಗಡಲಿನಲ್ಲಿ ಫೋನು ತಾನಾಗಿಯೇ ಹಡಗಿನ ಟವರು ಹಿಡಿದರೆ ರೋಮಿಂಗ್ ಬಿಲ್ಲು ಆಕಾಶಕ್ಕೆ. ಪ್ರತಿದಿನ ಬೆಳಿಗ್ಗೆ ಕಾಫಿಯಾದ ಮೇಲೆ, “ಪಾಸ್‌ಬುಕ್ ಹಾಕಿಸ್ಕೊಂಡು ಬರ್ತೀನಿ” ಎಂದು ಕೌಂಟರಿಗೆ ಹೋಗಿ ಲೆಕ್ಕ ಅಚ್ಚುಹಾಕಿಸಿಕೊಂಡು ಬರುತ್ತಿದ್ದರು. ಅಲ್ಲಿನ ಫಿಲಿಪೈನ್ಸ್ ಹುಡುಗಿ ಇವರು ಬರುವುದು ಕಂಡರೆ ಕೇಳುವ ಮೊದಲೇ ಗುಂಡಿ ಒತ್ತುತ್ತಿದ್ದಳು.

ಕುಡಿತದ ಪ್ಯಾಕೇಜು ಅವರ ಮೆಚ್ಚಿನ ಅಧ್ಯಾಯ. ತಲೆಗೆ ದಿನಕ್ಕೆ ಎಂಬತ್ತು ಡಾಲರ್. ಒಂದು ಕ್ಯಾಬಿನ್ನಿನಲ್ಲಿ ಒಬ್ಬರು ಕೊಂಡರೆ ಇನ್ನೊಬ್ಬರೂ ಕೊಳ್ಳಬೇಕು. ದಿನಕ್ಕೆ ಆರೇಳು ಗ್ಲಾಸು ಇಳಿಸದಿದ್ದರೆ ಗಿಟ್ಟುವುದಿಲ್ಲ ಎಂದು ಲಿಫ್ಟಿನಲ್ಲಿ ಸಿಕ್ಕ ಟೆಕ್ಸಸ್ಸಿನ ಅಜ್ಜನಿಗೆ ಪೆನ್ನು ತೆಗೆದು ಲೆಕ್ಕ ತೋರಿಸಿದರು. ಅಜ್ಜ ಬೆಳಿಗ್ಗೆ ಹತ್ತಕ್ಕೇ ಮೂರನೆಯದರಲ್ಲಿದ್ದ, ಪ್ರೀತಿಯಿಂದ ಬೆನ್ನು ತಟ್ಟಿದ. ಭಾವ ಹನಿ ಮುಟ್ಟದವರು. ಕುಡಿಯದೆ ಉಳಿಸಿದ ನೂರರವತ್ತು ಡಾಲರನ್ನು ದಿನವೂ ಫೈಲಿನಲ್ಲಿ ಜಮಾ ಬರೆದುಕೊಳ್ಳುತ್ತಿದ್ದರು. ಮೂರನೇ ದಿನದ ಹೊತ್ತಿಗೆ ಈ ಪ್ರಕಾರ ನಾವು ಲಾಭದಲ್ಲಿದ್ದೆವು.

ಬಿಟ್ಟಿ ಎಂದು ಬರೆದಿದ್ದ ಯಾವುದನ್ನೂ ಬಿಡಲಿಲ್ಲ. ರತ್ನದ ಅಂಗಡಿಯವರ ಉಪನ್ಯಾಸ, ಸ್ಪಾದವರ ಬೆನ್ನುನೋವಿನ ವಿಚಾರಗೋಷ್ಠಿ, ಚಿತ್ರ ಹರಾಜು ಎಲ್ಲದರಲ್ಲೂ ಮೊದಲ ಸಾಲು. ಬಫೆಯ ಬಾಗಿಲಲ್ಲಿ ಕೈ ತೊಳೆಯಿರೆಂದು ಹಾಡಿ ಕುಣಿದು ನೆನಪಿಸುವ ಸಿಬ್ಬಂದಿಯನ್ನು ಕಂಡು ಮಾತ್ರ ನಿಜಕ್ಕೂ ತಲೆದೂಗಿದರು. ಹಡಗಿನಲ್ಲಿ ಹಬ್ಬುವ ವಾಂತಿಭೇದಿಯ ನೊರೊವೈರಸ್ಸಿಗೆ ಸ್ಯಾನಿಟೈಸರು ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಆಗಬೇಕು. “ನಮ್ಮಜ್ಜಿ ಇದನ್ನೇ ಹೇಳಿದ್ರೆ ಮಡಿ ಅಂತ ನಗ್ತಿದ್ರಿ.”

ಆದರೆ ಊಟದಲ್ಲಿ ಭಾವನಿಗೆ ಪೆಟ್ಟು ಬಿತ್ತು. ದೊಡ್ಡ ಊಟದ ಕೋಣೆಯಲ್ಲಿ ಸೂಟು ಹಾಕಿಕೊಂಡು ಹೋಗುವ ರಾತ್ರಿ ಒಂದಿರುತ್ತದೆ, ಅವತ್ತು ಲಾಬ್ಸ್ಟರ್. ಹೊರಗೆ ಹೋಟೆಲಿನಲ್ಲಿ ಅದರ ಬೆಲೆ ಕೇಳಿದರೇ ಎದೆ ಝಲ್ಲೆನ್ನುತ್ತದೆ. ಇಲ್ಲಿ ಟಿಕೆಟ್ಟಿನಲ್ಲೇ ಸೇರಿದೆ. ಇಡೀ ವಾರದ ಅತಿ ದುಬಾರಿ ವಸ್ತು ಎದುರಿಗೇ ತಟ್ಟೆ ತಟ್ಟೆಯಾಗಿ ಹೋಗುತ್ತಿದೆ, ಭಾವನೋ ಈರುಳ್ಳಿಯನ್ನೂ ವಾರ ನೋಡಿ ತಿನ್ನುವವರು. ಮೆನು ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ತಮಗೂ ಒಂದು ಲಾಬ್ಸ್ಟರ್ ಹೇಳಿದರು. ಅಕ್ಕನ ಚಮಚ ಕೆಳಗೆ ಬಿತ್ತು. ತಟ್ಟೆ ಬಂದಿತು, ಕೆಂಪಗೆ, ಮೀಸೆಯ ಸಮೇತ. ಭಾವ ಅದನ್ನು ಬೆರಳ ತುದಿಯಿಂದ ನನ್ನ ಕಡೆಗೆ ಸರಿಸಿದರು. “ಇದಕ್ಕೆ ನೀನೇ ನಾಮಿನಿ. ನೀನು ಇಲ್ಲಿಗೆ ಬಂದ್ಮೇಲೆ ಏನೇನು ತಿಂತೀಯ ಅಂತ ನಂಗೊತ್ತು. ಒಂದು ಚೂರೂ ಬಿಡಬೇಡ.” ಅಕ್ಕ ದೀಪದ ಗೊಂಚಲನ್ನು ತದೇಕಚಿತ್ತಳಾಗಿ ನೋಡುತ್ತಿದ್ದಳು. ನನ್ನದು, ಭಾವನದು ಎರಡೂ ಮುಗಿಸಿದೆ. ಮೂರನೆಯದಕ್ಕೆ ಅವರು ಅಕ್ಕನ ಕಡೆ ನೋಡುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

ಅಕ್ಕನದು ಬೇರೆಯೇ ಸಂಸಾರ. ಎರಡನೇ ರಾತ್ರಿ ಪಾಸ್ತಾದ ಮುಂದೆ ಕೂತು “ಒಂದು ಲೋಟ ತಿಳಿಸಾರು ಇದ್ದಿದ್ರೆ” ಎಂದು ನಿಟ್ಟುಸಿರಿಟ್ಟಳು. ನೀರು ತುಂಬುತ್ತಿದ್ದ ವೇಟರು ನಿಂತ. “ನಾಳೆ ಮಾಡಿಸುವ ಅಮ್ಮಾ, ಅದಕ್ಕೆಂತ.” ಕಾರ್ಕಳದವನು, ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ಕರಾವಳಿಯ ಎಷ್ಟು ಹುಡುಗರು ಹೀಗೆ ಹಡಗಿನ ಅಡುಗೆಮನೆಗಳಲ್ಲಿ, ಊಟದ ಕೋಣೆಗಳಲ್ಲಿ ಇದ್ದಾರೆಂದು ಹಡಗು ಹತ್ತಿದವರಿಗೇ ಗೊತ್ತು. ಅಲ್ಲಿಂದಾಚೆ ರಾತ್ರಿಯೂಟಕ್ಕೆ ನಮಗೆ ಸಾರು, ಪಲ್ಯ, ಮೆತ್ತಗಿನ ಅನ್ನ. ಕೇಳಿದರೆ ಮಾಡಿಕೊಡುತ್ತಾರೆ, ಹೆಚ್ಚಿನ ದುಡ್ಡಿಲ್ಲ. ಫೈಲಿನ ಇಷ್ಟು ಹಾಳೆಗಳಲ್ಲಿ ಈ ಒಂದು ಅಂಶ ಮಾತ್ರ ಇರಲಿಲ್ಲ.

ನಾಲ್ಕನೇ ದಿನ ಪಾಸ್‌ಬುಕ್ಕಿನಲ್ಲಿ ಸಿಡಿಲು ಹೊಡೆಯಿತು: ಸೇವಾಶುಲ್ಕ, ತಲೆಗೆ ದಿನಕ್ಕೆ ಹದಿನೆಂಟು ಡಾಲರ್. ಇಬ್ಬರಿಗೆ ಏಳು ದಿನಕ್ಕೆ 252. ಕೌಂಟರಿನಲ್ಲಿ ಕೇಳಿದರೆ ತೆಗೆಯುತ್ತಾರೆ ಎಂದು ಯಾರೋ ಭಾರತದವರೇ ಕಿವಿಯಲ್ಲಿ ಊದಿದರು. ಭಾವ ಕನ್ನಡಕ ಒರೆಸಿಕೊಂಡು ಹೊರಡುವ ಮೊದಲು ಕಾರ್ಕಳದ ಹುಡುಗನನ್ನು ವಿಚಾರಣೆಗೆ ಕರೆದರು. ಇದು ಯಾರಿಗೆ ಹೋಗುತ್ತೆ? ನಮಗೇ ಸಾರ್, ರೂಮಿನವರಿಗೆ, ಅಡುಗೆಯವರಿಗೆ. ಕೆಲಸ ಎಷ್ಟು ತಿಂಗಳು? ಏಳೆಂಟು ತಿಂಗಳು ಒಂದೇ ಕಂತು. ವಾರದ ರಜೆ? ಹುಡುಗ ನಕ್ಕ. “ಭಾನುವಾರ ಅಂದ್ರೆ ಇಲ್ಲಿ ಬರೀ ಹೆಸರು ಮಾರಾಯ್ರೆ.”

ಭಾವ ವಸೂಲಿ ವಿಭಾಗಕ್ಕೆ ಹೋಗುವ ಮುಂಚೆ ನೌಕರರ ಯೂನಿಯನ್ನಿನ ಕಾರ್ಯದರ್ಶಿಯಾಗಿದ್ದವರು ಎಂಬುದು ನನಗೆ ಮರೆತೇ ಹೋಗಿತ್ತು. ಅವತ್ತು ಕೌಂಟರಿಗೆ ಹೋದರು, ಆದರೆ ಶುಲ್ಕ ತೆಗೆಸಲಿಲ್ಲ. ವಾರದ ರಜೆ ಇಲ್ಲದಿರುವುದು ಯಾವ ದೇಶದ ಕಾನೂನು ಎಂದು ಆ ಫಿಲಿಪೈನ್ಸ್ ಹುಡುಗಿಯನ್ನು ಅರ್ಧ ಗಂಟೆ ಕೇಳಿದರು. ಪಾಪ, ಅವಳಿಗೂ ರಜೆ ಇರಲಿಲ್ಲ.

ಕಾನೂನಿನ ಮಾತು ಬಂದಿದ್ದಕ್ಕೆ ಇನ್ನೊಂದು. ಹಡಗು ಬಹಾಮಾಸ್‌ನ ನಾಸೌಗೆ ಏಕೆ ಹೋಗುತ್ತದೆಂದು ನಾನೇ ಬಾಯಿ ಬಿಟ್ಟೆ. ಪರದೇಶದ ಬಾವುಟ ಹಾರಿಸುವ ಹಡಗುಗಳು ಅಮೆರಿಕದ ಬಂದರಿನಲ್ಲಿ ಹತ್ತಿಸಿ, ನಡುವೆ ಪರದೇಶದ ನೆಲ ಮುಟ್ಟದೆ, ಮತ್ತೆ ಅಮೆರಿಕದಲ್ಲೇ ಇಳಿಸುವಂತಿಲ್ಲ. 1886ರ ಕಾಯಿದೆ, ಇವತ್ತಿಗೂ ಜಾರಿಯಲ್ಲಿದೆ. “ಅಂದ್ರೆ ನಮ್ಮನ್ನ ಬಹಾಮಾಸ್‌ಗೆ ಕರ್ಕೊಂಡು ಹೋಗ್ತಿರೋದು ತೋರಿಸೋಕಲ್ಲ, ತಪ್ಪಿಸ್ಕೊಳೋಕೆ!” ಎಂದು ಕಿಡಿಕಾರಿದರು. ಹಡಗಿನವರು ಮಾರುವ ಪ್ರವಾಸಕ್ಕೆ ನೂರು ಡಾಲರ್ ಕೊಡದೆ, ಬಂದರಿನಿಂದ ನಡೆದೇ ಹೋಗಬಹುದಾದ ಕ್ವೀನ್ಸ್ ಸ್ಟೇರ್‌ಕೇಸ್‌ಗೆ ನಮ್ಮನ್ನು ನಡೆಸಿದರು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಗುಲಾಮರು ಸುಣ್ಣಕಲ್ಲು ಕಡಿದು ಮಾಡಿದ ಮೆಟ್ಟಿಲುಗಳು. 66 ಎಂಬುದು ಲೆಕ್ಕ. ಭಾವ ಎಣಿಸಿಕೊಂಡು ಹತ್ತಿದರು, ಎಣಿಸಿಕೊಂಡು ಇಳಿದರು. “ಅರವತ್ತೈದೇ ಇದೆ. ಒಂದು ಎಲ್ಲಿ?” ಕೆಳಗಿನ ಮೆಟ್ಟಿಲು ಹಾದಿ ಹಾಕಿಸುವಾಗ ಮುಚ್ಚಿಹೋಗಿದೆಯಂತೆ. ಅದನ್ನು ಒಪ್ಪಿಸಲು ಅಲ್ಲಿದ್ದ ಗೈಡಿಗೆ ಸಾಕುಬೇಕಾಯಿತು.

ಎರಡು ಗಂಟೆ ಮೊದಲೇ ಹಡಗಿಗೆ ಮರಳಿ ಮೇಲಿನ ಅಂತಸ್ತಿನ ಕಟಾಂಜನಕ್ಕೆ ಆನಿಕೊಂಡು ನಿಂತರು. ಸ್ವಂತವಾಗಿ ಊರು ಸುತ್ತಲು ಹೋಗಿ ತಡವಾದವರಿಗೆ ಹಡಗು ಕಾಯುವುದಿಲ್ಲ. ಹೊರಡುವ ಹೊತ್ತಿಗೆ ಚೀಲ, ಚಪ್ಪಲಿ ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಓಡಿಬರುವವರು ದಿನಾ ಇದ್ದೇ ಇರುತ್ತಾರೆ, ಮೇಲಿನಿಂದ ಜನ ಚಪ್ಪಾಳೆ ತಟ್ಟುತ್ತಾರೆ. ಭಾವನಿಗೆ ವಾರದಲ್ಲೇ ಅತಿ ಹೆಚ್ಚು ಹಿಡಿಸಿದ ಮನರಂಜನೆ ಇದು. “ಇದಕ್ಕೆ ಟಿಕೆಟ್ ಇಟ್ಟಿಲ್ವಲ್ಲ ಇವರು!”

ಕೊನೆಯ ಸಂಜೆ ಫೈಲು ಮುಚ್ಚುವ ಸಮಯ. ಸೇವಾಶುಲ್ಕ ಬಿಟ್ಟರೆ ಖಾತೆಯಲ್ಲಿ ಸೊನ್ನೆ. ಕುಕ್ಕರು ಕೈಸೇರಿತ್ತು. “ಸಂಪೂರ್ಣ ವಸೂಲಿ” ಎಂದು ಭಾವ ಕೆಂಪು ಶಾಯಿಯಲ್ಲಿ ಬರೆದ ಮೇಲೆ ಕಾಫಿ ಕುಡಿಯಲು ಹೊರಟೆವು. ದಾರಿಯಲ್ಲಿ ಒಂದು ಮೇಜು. ಮುಂದಿನ ಯಾನವನ್ನು ಇಲ್ಲೇ ಕಾದಿರಿಸಿದರೆ ಹಡಗಿನ ಖರ್ಚಿಗೆ ನೂರು ಡಾಲರ್ ಕ್ರೆಡಿಟ್ಟು. ಈಗ ಬರೀ ಇನ್ನೂರು ಡಾಲರ್ ಡೆಪಾಸಿಟ್ ಇಟ್ಟರೆ ಸಾಕು, ತಾರೀಕು ನಿಧಾನಕ್ಕೆ ಹೇಳಿ ಎಂದಳು ಅಲ್ಲಿ ಕೂತಿದ್ದವಳು. ನಾನು ಭಾವನ ತೋಳು ಹಿಡಿದು ಎಳೆದೆ. ಆದರೆ ಡೆಪಾಸಿಟ್ ಎಂದು ಕಿವಿಗೆ ಬಿದ್ದಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತರು, ಫಾರಮ್ಮು ಎರಡು ಸಲ ಓದಿದರು, ಕಾರ್ಡು ಕೊಟ್ಟರು. ಅವಳು ಉಜ್ಜಿ, ರಸೀತಿ ಹರಿದು ಮುಂದಿಟ್ಟಳು. ಭಾವ ರಸೀತಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು:

“ಬಡ್ಡಿ ದರ ಹಾಕೇ ಇಲ್ವಲ್ಲಮ್ಮ. ಸೀನಿಯರ್ ಸಿಟಿಜನ್ನಿಗೆ ಅರ್ಧ ಪರ್ಸೆಂಟ್ ಜಾಸ್ತಿ ತಾನೆ?”