ಉಬ್ಬದ ಬ್ರೆಡ್ಡು: ಒಂದು ಸಂವಾದ

ಮೊಳಕೆಕಾಳಿನ ಉಸಳಿಯ ಮೇಲೆ ಫರಸಾಣ ಉದುರಿಸಿ, ಕಟ್ ಎಂಬ ಖಾರದ ತೆಳುಸಾರು ಸುರಿದ ಮಿಸಳನ್ನು ಕೊಲ್ಹಾಪುರದಲ್ಲಿ ಪಾವಿಗಿಂತ ಬ್ರೆಡ್ಡಿನ ಹೋಳುಗಳೊಡನೆ ತಿನ್ನುವ ರೂಢಿಯಿರುವುದರಿಂದ, ಅದೇ ಜಿಲ್ಲೆಯ ಗಡಹಿಂಗ್ಲಜದ ಕನ್ನಡ ಮನೆಯೊಂದರಲ್ಲಿ ಆ ಬ್ರೆಡ್ಡನ್ನೂ ಕೈಯಾರೆ ಬೇಯಿಸುವ ಮಹಾಸಂಕಲ್ಪ ಹುಟ್ಟಿದ್ದು ಅಸಹಜವೇನಲ್ಲ. ಸಂಕಲ್ಪ ಮಗನದು, ಸಾಮಗ್ರಿ ಸೊಸೆಯದು.

"ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಗೋಧಿಯ ಅಂಟುಪ್ರೋಟೀನಾದ ಗ್ಲುಟೆನ್ ಆ ಅನಿಲವನ್ನು ಹಿಡಿದಿಡುತ್ತದೆ, ಆಗ ಹಿಟ್ಟು ಉಬ್ಬುತ್ತದೆ," ಎಂದು ಕಲಸಿಟ್ಟ ಹಿಟ್ಟಿನ ಮುಂದೆ ಮಗ ಉಪನ್ಯಾಸ ಕೊಟ್ಟನು.

"ಉಬ್ಬಿಲ್ಲವಲ್ಲ," ಎಂದರು ಇಚಲಕರಂಜಿಯಿಂದ ಬಂದಿದ್ದ ಬೀಗರು. "ಇಷ್ಟು ಹೊತ್ತಿಗೆ ಪವರ್‌ಲೂಮಿನಿಂದ ಒಂದು ತಾನು ಬಟ್ಟೆ ಇಳಿದಿರುತ್ತಿತ್ತು."

"ನೀರು ಎಂಥದು ಹಾಕಿದೆ?" ಎಂದು ತಾಯಿ ಕೇಳಿದರು.

"ಕುದಿಯುವುದು. ಜೋಳದ ರೊಟ್ಟಿಗೆ ಹಾಗೆಯೇ ತಾನೆ?"

"ಗ್ಲುಟೆನ್ ಇಲ್ಲದ ಜೋಳಕ್ಕೆ ಜಿಗುಟು ಬರುವುದೇ ಬಿಸಿನೀರಿನಿಂದ," ಎಂದು ಸೊಸೆ ವಿವರಿಸಿದಳು, "ಆದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಯೀಸ್ಟ್ ಸಾಯುತ್ತದೆ. ಹಿಟ್ಟಿನಲ್ಲಿ ಈಗ ಉಳಿದಿರುವುದು ಉಪನ್ಯಾಸ ಮಾತ್ರ."

ಆದರೂ ಬೆಂದು ಹೊರಬಂದ ಆ ಮುದ್ದೆಯನ್ನು ಬೀಗರು ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ತಾಯಿಯ ಕಡೆಗೆ ತಿರುಗಿದರು:

"ಚಾಕು ಬೇಡ, ಅಡಕತ್ತರಿ ಕೊಡಿ."